ಮೊದಲ ಮುನ್ನೂರು ವರ್ಷಗಳ ಸಾಕ್ಷ್ಯ: ಸುವಾರ್ತೆಗಳ ಪಾಠ ಕುರಿತ ಮುಸ್ಲಿಂ–ಕ್ರೈಸ್ತ ವಾದ

ಕ್ರೈಸ್ತರ ಕೈಯಲ್ಲಿರುವ ಸುವಾರ್ತೆಗಳು ಮೂಲದಲ್ಲಿದ್ದಂತೆಯೇ ಉಳಿದಿವೆಯೇ ಎಂಬುದು ಮುಸ್ಲಿಂ–ಕ್ರೈಸ್ತ ವಾದಗಳಲ್ಲಿ ಬಹು ಹಳೆಯ ಪ್ರಶ್ನೆ. ತೌರಾತ್ (ತೋರಾ) ಮತ್ತು ಇಂಜೀಲ್ (ಸುವಾರ್ತೆ) ದೇವರು ಇಳಿಸಿದ ಗ್ರಂಥಗಳೆಂದು ಕುರ್‌ಆನ್ ಒಪ್ಪುತ್ತದೆ. ಇಂಜೀಲ್‌ನವರು ಅದರಂತೆ ತೀರ್ಪು ನೀಡಲಿ ಎಂದೂ ಹೇಳುತ್ತದೆ (5:47). ಯಹೂದಿಗಳಲ್ಲಿ ಕೆಲವರು ಮಾತುಗಳನ್ನು ಅವುಗಳ ಜಾಗದಿಂದ ಸರಿಸುತ್ತಾರೆ ಎಂಬ ಆಪಾದನೆಯೂ ಅದರಲ್ಲಿದೆ (4:46). ಇಂಥ ವಚನಗಳಿಂದ ಬೆಳೆದದ್ದು ತಹ್ರೀಫ್, ಅಂದರೆ ಗ್ರಂಥವನ್ನು ತಿರುಚಲಾಗಿದೆ ಎಂಬ ಸಿದ್ಧಾಂತ. ಆದರೆ ತಿರುಚಿದ್ದು ಅರ್ಥವನ್ನೋ ಅಕ್ಷರವನ್ನೋ ಎಂಬಲ್ಲಿ ಮುಸ್ಲಿಂ ವಿದ್ವಾಂಸರಲ್ಲೇ ಒಮ್ಮತವಿರಲಿಲ್ಲ. ಕ್ರೈಸ್ತಮತದಿಂದ ಇಸ್ಲಾಮಿಗೆ ಬಂದ 9ನೆಯ ಶತಮಾನದ ಅಲೀ ಇಬ್ನ್ ರಬ್ಬಾನ್ ಅಲ್-ತಬರಿ, ಪ್ರವಾದಿಯ ಆಗಮನಕ್ಕೆ ಬೈಬಲ್ಲಿನಿಂದಲೇ ಆಧಾರಗಳನ್ನು ಹೆಕ್ಕಿದ. ಪಾಠ ಪೂರ್ತಿ ಕೆಟ್ಟಿದೆ ಎಂದು ನಂಬಿದವನು ಮಾಡುವ ಕೆಲಸವಲ್ಲ ಅದು.

ಅಕ್ಷರವೇ ಕೆಟ್ಟಿದೆ ಎಂಬ ವಾದಕ್ಕೆ ಚರಿತ್ರೆಯ ಬೆನ್ನೆಲುಬು ಕೊಟ್ಟವನು ಕೊರ್ಡೋಬಾದ ಇಬ್ನ್ ಹಜ್ಮ್ (994–1064). ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದವರೆಗೆ ಕ್ರೈಸ್ತರು ಬೆರಳೆಣಿಕೆಯವರು, ಬಚ್ಚಿಟ್ಟುಕೊಂಡು ಬದುಕಿದವರು, ಸಿಕ್ಕಿದಲ್ಲಿ ಕೊಲ್ಲಲ್ಪಟ್ಟವರು; ಅಂಥವರ ಗ್ರಂಥಕ್ಕೆ ಬಹಿರಂಗವಾದ, ಮುರಿಯದ ಪರಂಪರೆ ಎಲ್ಲಿಂದ ಬರಬೇಕು ಎಂಬುದು ಅವನ ಪ್ರಶ್ನೆ. ಪ್ರವಾದಿಯ ನಡೆನುಡಿಗಳ ವರದಿಗಳಾದ ಹದೀಸ್‌ಗಳನ್ನು ತೂಗುವ ತಕ್ಕಡಿಯಲ್ಲೇ ಅವನು ಸುವಾರ್ತೆಗಳನ್ನೂ ತೂಗಿದ. ಹೀಗಾಗಿ ಪಾಠದ ಪ್ರಶ್ನೆ ಕ್ರೈಸ್ತಮತ ಹರಡಿದ ಬಗೆಯ ಪ್ರಶ್ನೆಯೂ ಆಯಿತು.

ಕ್ರೈಸ್ತ ನಿಲುವು ಹೊರಡುವ ಜಾಗವೇ ಬೇರೆ. ಅವರ ಪಾಲಿಗೆ ಸುವಾರ್ತೆ ಯೇಸುವಿಗೆ ಇಳಿದ ಗ್ರಂಥವಲ್ಲ, ಯೇಸುವಿನ ಕುರಿತು ಶಿಷ್ಯಪರಂಪರೆ ನುಡಿದ ಸಾಕ್ಷ್ಯ. ಪೌಲನ ಪತ್ರಗಳು ಕ್ರಿ.ಶ. 50ರ ದಶಕದ ಆಸುಪಾಸಿನವು. ಮಾರ್ಕನ ಸುವಾರ್ತೆ ಸುಮಾರು 70ರದು ಎಂದು ಬಹುತೇಕ ವಿದ್ವಾಂಸರ ಮತ. ನಾಲ್ಕು ಸುವಾರ್ತೆಗಳಿರುವುದು ಇಬ್ನ್ ಹಜ್ಮ್‌ಗೆ ದೋಷವಾಗಿ ಕಂಡರೆ, 2ನೆಯ ಶತಮಾನದ ಕೊನೆಯಲ್ಲಿ ಬಿಷಪ್ ಐರೇನಿಯಸ್‌ಗೆ ಅದೇ ಪೂರ್ಣತೆಯ ಲಕ್ಷಣ.

ಇಬ್ನ್ ಹಜ್ಮ್‌ನ ಚಿತ್ರದಲ್ಲಿ ಹಿಂಸೆಯ ಭಾಗ ನಿಜ, ಬೆರಳೆಣಿಕೆಯ ಭಾಗ ನಿಲ್ಲದು. ಸುಮಾರು 112ರಲ್ಲಿ ಬಿಥೂನಿಯದ ರಾಜ್ಯಪಾಲ ಪ್ಲಿನಿ, ಈ ಮತ ಪಟ್ಟಣಗಳನ್ನು ದಾಟಿ ಹಳ್ಳಿಗಳಿಗೂ ಹಬ್ಬಿದೆಯೆಂದು ಚಕ್ರವರ್ತಿ ಟ್ರಾಜನ್‌ಗೆ ಬರೆದ. 180ರಲ್ಲಿ ಕಾರ್ಥೇಜ್‌ನಲ್ಲಿ ವಿಚಾರಣೆಗೆ ನಿಂತ ಸ್ಕಿಲ್ಲಿ ಊರಿನ ಕ್ರೈಸ್ತರನ್ನು ಪೆಟ್ಟಿಗೆಯಲ್ಲಿ ಏನಿದೆಯೆಂದು ಅಧಿಕಾರಿ ಕೇಳಿದಾಗ, ಪುಸ್ತಕಗಳು ಮತ್ತು ಪೌಲನ ಪತ್ರಗಳು ಎಂಬ ಉತ್ತರ ಬಂತು. 303ರಲ್ಲಿ ಡಯೋಕ್ಲೇಶಿಯನ್ ಗ್ರಂಥಗಳನ್ನು ಸುಡಲು ಆಜ್ಞೆ ಹೊರಡಿಸಿದ. ಉತ್ತರ ಆಫ್ರಿಕದ ಸಿರ್ಟಾದಲ್ಲಿ ನಡೆದ ಜಪ್ತಿಯ ದಾಖಲೆ ಉಳಿದಿದೆ: ಪ್ರಾರ್ಥನಾಗೃಹದಲ್ಲಿ ಸಿಕ್ಕಿದ್ದು ಒಂದೇ ದೊಡ್ಡ ಪುಸ್ತಕ, ಉಳಿದವು ವಾಚಕರ ಬಳಿ ಇವೆಯೆಂದು ತಿಳಿದು ಅಧಿಕಾರಿಗಳು ಮನೆಮನೆ ಹೊಕ್ಕು ಸಂಗ್ರಹಿಸಿದರು. ಗ್ರಂಥ ಒಂದೇ ಕಪಾಟಿನಲ್ಲಿರಲಿಲ್ಲ.

ಈ ಚದುರುವಿಕೆ ಎರಡು ಅಲಗಿನ ಸಾಕ್ಷ್ಯ. ಗ್ರೀಕ್, ಲ್ಯಾಟಿನ್, ಸಿರಿಯಾಕ್, ಕಾಪ್ಟಿಕ್ ಭಾಷೆಗಳಲ್ಲಿ ಹರಡಿಹೋದ ಪ್ರತಿಗಳನ್ನು ಯಾವುದೋ ಒಂದು ಕೈ ಒಟ್ಟಿಗೆ ತಿದ್ದುವುದು ಸಾಧ್ಯವಿರಲಿಲ್ಲ. 5ನೆಯ ಶತಮಾನದಲ್ಲಿ ಸಿರ್ರಸ್‌ನ ಬಿಷಪ್ ಥಿಯೊಡೊರೆಟ್, ನಾಲ್ಕು ಸುವಾರ್ತೆಗಳನ್ನು ಒಂದಾಗಿ ಹೆಣೆದ ತೇಷಿಯನ್‌ನ ಕೃತಿಯ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿಹಾಕಿದ. ಆದರೂ ಆ ಕೃತಿಗೆ ಸಿರಿಯಾಕ್ ಲೇಖಕ ಎಫ್ರೇಮ್ ಬರೆದ ವ್ಯಾಖ್ಯಾನ ಉಳಿದುಬಂತು. ಇನ್ನೊಂದು ಕಡೆ, ಎಲ್ಲ ಪ್ರತಿಗಳನ್ನು ಹೋಲಿಸಿ ನೋಡುವ ಕೇಂದ್ರವೂ ಇಲ್ಲದ್ದರಿಂದ ಪಾಠಾಂತರಗಳು ಹುಟ್ಟಿದವು. ಮಾರ್ಕನ ಕೊನೆಯ ಹನ್ನೆರಡು ವಚನಗಳು 4ನೆಯ ಶತಮಾನದ ಸಿನಾಯ್ಟಿಕಸ್, ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿಲ್ಲ. ತ್ರಿತ್ವವನ್ನು ನೇರವಾಗಿ ಹೇಳುವ 1 ಯೋಹಾನ 5:7ರ ಮಾತು ಪ್ರಕ್ಷಿಪ್ತವೆಂದು ಇಂದಿನ ಸಂಪಾದಕರು ಕೈಬಿಟ್ಟಿದ್ದಾರೆ. ಸಂಚಿನ ಆರೋಪಕ್ಕೆ ಆಧಾರವಿಲ್ಲ. ಅಕ್ಷರವೂ ಅಲುಗಿಲ್ಲವೆಂಬ ಸಮರ್ಥನೆಗೂ ಇಲ್ಲ.

ಈ ಪಾಠಾಂತರಗಳೇ 1854ರ ಏಪ್ರಿಲ್‌ನಲ್ಲಿ ಆಗ್ರಾದ ಸಾರ್ವಜನಿಕ ವಾದದ ದಿಕ್ಕನ್ನು ನಿರ್ಧರಿಸಿದವು. ಜರ್ಮನ್ ಮಿಷನರಿ ಕಾರ್ಲ್ ಫಾಂಡರ್‌ನ ಎದುರು ನಿಂತವರು ರಹಮತುಲ್ಲಾ ಕೈರಾನವಿ ಮತ್ತು ವೈದ್ಯ ವಜೀರ್ ಖಾನ್. ಅವರು ಮುಂದಿಟ್ಟದ್ದು ಯುರೋಪಿನ ಬೈಬಲ್ ವಿಮರ್ಶಕರ ಬರಹಗಳನ್ನೇ. ಪ್ರತಿಗಳಲ್ಲಿ ವ್ಯತ್ಯಾಸಗಳಿವೆಯೆಂದು ಫಾಂಡರ್ ಒಪ್ಪಿದ, ಅದರಿಂದ ಉಪದೇಶ ಕೆಡದು ಎಂದ. ತ್ರಿತ್ವ, ಮುಹಮ್ಮದರ ಪ್ರವಾದಿತ್ವ ಮೊದಲಾದ ವಿಷಯಗಳೂ ಪಟ್ಟಿಯಲ್ಲಿದ್ದವು; ಚರ್ಚೆ ಎರಡು ದಿನಕ್ಕೇ ನಿಂತಿತು, ಅವುಗಳ ಸರದಿ ಬರಲೇ ಇಲ್ಲ. ಕೈರಾನವಿ ಅದೇ ವಾದವನ್ನು ಅರಬಿಯಲ್ಲಿ ವಿಸ್ತರಿಸಿ ಬರೆದ 'ಇಜ್‌ಹಾರುಲ್ ಹಕ್' ಅನ್ನು ಮುಸ್ಲಿಂ ವಾದಿಗಳು ಇಂದಿಗೂ ಆಧಾರವಾಗಿ ಬಳಸುತ್ತಾರೆ.