ಮೆಡೋಸ್ ಟೇಲರ್‌ನ ಸುರಪುರ ಪತ್ರವ್ಯವಹಾರ
ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ರಾಜಕೀಯ ಏಜೆಂಟನಾಗಿದ್ದ ಫಿಲಿಪ್ ಮೆಡೋಸ್ ಟೇಲರ್ (1808–1876) ಬರೆದ ವರದಿಗಳು ಮತ್ತು ಖಾಸಗಿ ಪತ್ರಗಳು. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಈತ ನಿಜಾಮನ ಸೇವೆಯಲ್ಲಿದ್ದ ಅಧಿಕಾರಿ, ಕಾದಂಬರಿಕಾರ.

1841ರಲ್ಲಿ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ಆಡಳಿತದ ಹೊಣೆಗಾಗಿ ರಾಣಿ ಈಶ್ವರಮ್ಮ ಮತ್ತು ಬಾಲಕನ ಚಿಕ್ಕಪ್ಪ ಪಿಡ್ಡನಾಯಕರ ನಡುವೆ ಕಲಹವೆದ್ದಿತು. ಅದನ್ನು ಶಮನಗೊಳಿಸಲು ಬಂದ ಟೇಲರ್, ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಸ್ಟುವರ್ಟ್ ಫ್ರೇಸರ್‌ಗೆ ವರದಿ ಒಪ್ಪಿಸುತ್ತಿದ್ದ. ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೂ ಭಾರತದ ಸುದ್ದಿ ಕಳುಹಿಸುತ್ತಿದ್ದ. ಬಂಧು, ಪತ್ರಕರ್ತ ಹೆನ್ರಿ ರೀವ್‌ಗೆ ಬರೆದ ಪತ್ರಗಳು ಸರ್ಕಾರಿ ಕಡತಗಳಿಗಿಂತ ಆಪ್ತವಾದವು.

1853ರಲ್ಲಿ ಆಡಳಿತ ವೆಂಕಟಪ್ಪ ನಾಯಕನ ಕೈಸೇರಿತು. ಟೇಲರ್‌ನನ್ನು 'ಅಪ್ಪ' ಎಂದು ಕರೆಯುತ್ತಿದ್ದ ಆ ದೊರೆ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಸೆರೆಯಾದ. ಟೇಲರ್ ಅವನನ್ನು ಸೆರೆಯಲ್ಲಿ ಭೇಟಿಯಾದ; ಬಳಿಕ ಸುರಪುರದ ಆಡಳಿತ ನೋಡಿಕೊಳ್ಳಲು ಮರಳಿದ. ವಿಧಿಸಿದ್ದ ಶಿಕ್ಷೆ ಇಳಿಕೆಯಾಗಿದ್ದರೂ ದೊರೆ ಸೆರೆವಾಸಕ್ಕೆ ಸಾಗುವ ದಾರಿಯಲ್ಲೇ ಗುಂಡೇಟಿನಿಂದ ಮಡಿದ.

1877ರಲ್ಲಿ ಪ್ರಕಟವಾದ ಟೇಲರ್‌ನ ಆತ್ಮಕಥೆ, 1947ರಲ್ಲಿ ಪ್ಯಾಟ್ರಿಕ್ ಕ್ಯಾಡೆಲ್ ಸಂಪಾದಿಸಿದ ರೀವ್ ಪತ್ರಗಳ ಸಂಪುಟ ಸುರಪುರ ಸೀಮೆಯ ಚರಿತ್ರೆಗೆ ಆಕರಗಳು. ಆದರೆ ಇವು ಆಳುವವರ ಕಡೆಯ ನೋಟ. ಸ್ಥಳೀಯ ದಾಖಲೆಗಳೊಂದಿಗೆ ತಾಳೆನೋಡಿ ಬಳಸಬೇಕು.