ಅಚ್ಚು ಬೆಲ್ಲಕ್ಕೆ ತೆರಿಗೆ ಇಲ್ಲ, ಪ್ಯಾಕೆಟ್ ಬೆಲ್ಲಕ್ಕೆ ಇದೆ: ಆಲೆಮನೆಯವರು ತಿಳಿದಿರಬೇಕಾದ ಜಿಎಸ್‌ಟಿ ಲೆಕ್ಕ

ಮಂಡ್ಯದ ವಿ.ಸಿ. ಫಾರಂ ಸುತ್ತಮುತ್ತ ಆಲೆಮನೆ ನಡೆಸೋರ ಹತ್ತಿರ ಮಾತಿಗೆ ಕೂತರೆ ಈಗ ಕಬ್ಬಿನ ರೇಟಿನ ಜೊತೆ ಇನ್ನೊಂದು ಪ್ರಶ್ನೆನೂ ಬರುತ್ತೆ: "ಪ್ಯಾಕೆಟ್ ಮಾಡಿದ್ರೆ ಜಿಎಸ್‌ಟಿ ಬೀಳ್ತದಂತಲ್ಲಣ್ಣ, ಹೌದಾ?" ನಾನು ಓದಿದ್ದು ಇಂಜಿನಿಯರಿಂಗ್. ಈ ನಿಯಮ ಅರ್ಥ ಆಗೋಕೆ ನನಗೂ ಒಂದು ಚಾರ್ಟ್ ಬರೆದುಕೊಳ್ಳಬೇಕಾಯ್ತು.

ನಿಯಮ ಏನು?

ಬಿಡಿಯಾಗಿ ಮಾರುವ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ, ಮೊದಲೇ ತೂಕ ಮಾಡಿ ಪ್ಯಾಕ್ ಮಾಡಿದ, 25 ಕೆ.ಜಿ. ಮೀರದ ಲೇಬಲ್ ಬೆಲ್ಲಕ್ಕೆ 5% ತೆರಿಗೆ ಬಂತು. ಲೇಬಲ್ ಅಂಟಿಸದೆ ಪ್ಯಾಕೆಟ್ ಮಾರಿ ತಪ್ಪಿಸಿಕೊಳ್ಳಬಹುದಾ? ಆಗಲ್ಲ. ಕಾನೂನು ಮಾಪನ ನಿಯಮದ ಪ್ರಕಾರ ಲೇಬಲ್ ಇರಲೇಬೇಕಾದ ಪ್ಯಾಕೆಟ್ ಆದರೆ ಸಾಕು, ತೆರಿಗೆ ಅನ್ವಯಿಸುತ್ತೆ. ಗಿರಾಕಿ ಎದುರೇ ತೂಗಿ ಕಟ್ಟಿಕೊಟ್ಟರೆ ಅದು ಬಿಡಿ ಬೆಲ್ಲವೇ.

ಹಾಗಾದರೆ ಪ್ಯಾಕೆಟ್ ಮಾಡಿದ ಕೂಡಲೇ ನೋಂದಣಿ ಬೇಕಾ?

ಬೇಡ. ಸರಕು ಮಾತ್ರ ಮಾರುವವರು, ರಾಜ್ಯದ ಒಳಗೇ ಮಾರುವುದಾದರೆ, ವರ್ಷದ ವಹಿವಾಟು 40 ಲಕ್ಷ ಮೀರುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಪ್ಯಾಕೆಟ್ ಬೆಲ್ಲವನ್ನು ಚೆನ್ನೈಗೋ ಹೊಸೂರಿಗೋ ಕಳಿಸಿ ಮಾರಿದರೆ ವಹಿವಾಟು ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ರಾಜ್ಯದೊಳಗೆ ಆನ್‌ಲೈನ್ ತಾಣಗಳ ಮೂಲಕ ಮಾರೋ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ವಿನಾಯಿತಿ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು.

ಸಿಕ್ಕಿಬೀಳೋದು ಎಲ್ಲಿ?

ಬರೀ ಬಿಡಿ ಬೆಲ್ಲ ಮಾರಿದರೆ ವಹಿವಾಟು 41 ಲಕ್ಷ ಆದರೂ ನೋಂದಣಿ ಬೇಡ. ಆದರೆ 35 ಲಕ್ಷದ ಬಿಡಿ ಬೆಲ್ಲ, 6 ಲಕ್ಷದ ಪ್ಯಾಕೆಟ್ ಮಾರಿದಿರಿ ಅಂದ್ಕೊಳ್ಳಿ. ಆಗ ತೆರಿಗೆ ಇಲ್ಲದ ಆ 35 ಲಕ್ಷವೂ ಲೆಕ್ಕಕ್ಕೆ ಸೇರಿ 40 ಲಕ್ಷದ ಗೆರೆ ದಾಟುತ್ತೆ. ತೆರಿಗೆ ಬೀಳೋದು ಪ್ಯಾಕೆಟ್ ಮೇಲೆ ಮಾತ್ರ. ಆರು ಲಕ್ಷಕ್ಕೆ 30 ಸಾವಿರ. ಆದರೆ ನೋಂದಣಿ, ರಿಟರ್ನ್ಸ್, ಆಡಿಟರ್ ಫೀಸು ಎಲ್ಲ ಬೆನ್ನಿಗೆ ಬೀಳುತ್ತೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಗಲಿಬಿಲಿ ಆಗಿದ್ದೂ ಇದೇ ಕಾರಣಕ್ಕೆ. ಖಾತೆಗೆ ಬಂದ ದುಡ್ಡಲ್ಲಿ ತೆರಿಗೆ ಇರೋ ಮಾಲೆಷ್ಟು, ಇಲ್ಲದ್ದೆಷ್ಟು ಅಂತ ಯುಪಿಐ ಹೇಳಲ್ಲ. ಬಿಲ್ ಪುಸ್ತಕ ಹೇಳುತ್ತೆ. ಹಾಗಾಗಿ ಬಿಡಿ ಬೆಲ್ಲಕ್ಕೊಂದು, ಪ್ಯಾಕೆಟ್‌ಗೊಂದು ಬೇರೆ ಬೇರೆ ಬಿಲ್ ಪುಸ್ತಕ ಇಡಿ.

ನನ್ನ ತಕರಾರು

5% ತೆರಿಗೆ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. 'ಒಂದು ಜಿಲ್ಲೆ, ಒಂದು ಉತ್ಪನ್ನ'ದಲ್ಲಿ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲ. ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರವೇ 35%, ಗರಿಷ್ಠ 10 ಲಕ್ಷ ಸಬ್ಸಿಡಿ ಕೊಟ್ಟು ಬ್ರ್ಯಾಂಡ್ ಮಾಡಿ ಅನ್ನುತ್ತೆ. ಬ್ರ್ಯಾಂಡ್ ಮಾಡಿದವನಿಗೆ ಮೊದಲು ಎದುರಾಗೋದೇ ಈ ಗೆರೆ. ತೆರಿಗೆ ಇಲ್ಲದ ಮಾಲನ್ನು 40 ಲಕ್ಷದ ಲೆಕ್ಕದಿಂದ ಹೊರಗಿಡಿ ಅಂತ ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯ ಕೇಳಬೇಕು. ಅಲ್ಲಿಯವರೆಗೆ ಆಲೆಮನೆಯವರಿಗೆ ನಡೆಯೋ ತರಬೇತಿಗಳಲ್ಲಿ ಪಾಕ ತೆಗೆಯೋದರ ಜೊತೆ ಈ ಲೆಕ್ಕಕ್ಕೂ ಅರ್ಧ ದಿನ ಇಡಲಿ. ಇಲ್ಲಾಂದ್ರೆ ಒಳ್ಳೆ ಬೆಲ್ಲ ಮಾಡೋನು ಲೇಬಲ್ಲಿಗೆ ಹೆದರಿ ಮತ್ತೆ ಮಂಡಿಗೇ ಹೋಗ್ತಾನೆ. ಹೆಸರು, ಲಾಭ ಎರಡೂ ಪ್ಯಾಕ್ ಮಾಡೋ ದೊಡ್ಡ ಕಂಪನಿ ಪಾಲು.