ಎಲೆ ಎಣಿಕೆ: ಚಲನಚಿತ್ರಗಳಲ್ಲಿ ಮತ್ತು ಜನಾಭಿಪ್ರಾಯದಲ್ಲಿ

ಬ್ಲ್ಯಾಕ್‌ಜಾಕ್ ಇಸ್ಪೀಟಾಟದಲ್ಲಿ ಹಂಚಿಹೋದ ಎಲೆಗಳನ್ನು ಗಮನಿಸಿ, ಉಳಿದ ಕಟ್ಟು ಯಾರಿಗೆ ಅನುಕೂಲವೆಂದು ಅಂದಾಜಿಸಿ ಪಣ ಹೂಡುವ ವಿಧಾನವೇ ಎಲೆ ಎಣಿಕೆ. ಗಣಿತಜ್ಞ ಎಡ್ವರ್ಡ್ ಥೋರ್ಪ್ ಅವರ ‘ಬೀಟ್ ದ ಡೀಲರ್’ (1962) ಇದನ್ನು ಪ್ರಸಿದ್ಧಗೊಳಿಸಿತು. ಹೈ-ಲೋ ಪದ್ಧತಿಯಲ್ಲಿ 2ರಿಂದ 6ರವರೆಗಿನ ಎಲೆಗೆ +1, 7ರಿಂದ 9ಕ್ಕೆ 0, ಹತ್ತು, ಗುಲಾಮ, ರಾಣಿ, ರಾಜ, ಎಕ್ಕಗಳಿಗೆ -1.

ಚಿತ್ರಣ: ‘ರೇನ್ ಮ್ಯಾನ್’ (1988) ಎಣಿಕೆಯನ್ನು ಆಟಿಸಂ ಇರುವ ವ್ಯಕ್ತಿಯ ಅಸಾಧಾರಣ ನೆನಪಿನ ಶಕ್ತಿಯೆಂದು ತೋರಿಸಿತು. ಎಂಐಟಿ ವಿದ್ಯಾರ್ಥಿ ತಂಡದ ಕಥೆ ಆಧರಿಸಿದ ‘21’ (2008) ಅದನ್ನು ದಿಢೀರ್ ಸಿರಿವಂತಿಕೆಯ ದಾರಿಯಾಗಿಸಿತು. ಹಿಂದಿಯ ‘ತೀನ್ ಪತ್ತಿ’ (2010) ಗಣಿತದ ಪ್ರಾಧ್ಯಾಪಕನನ್ನೇ ಜೂಜಿನ ಕಣಕ್ಕಿಳಿಸಿತು. ಹೀಗೆ ಎಣಿಸುವವನು ಮಹಾಮೇಧಾವಿ, ಇಲ್ಲವೇ ಮೋಸಗಾರ ಎಂಬ ಚಿತ್ರ ಬೇರೂರಿತು.

ವಾಸ್ತವ: ಬೇಕಾದುದು ಕೂಡು-ಕಳೆ, ತಾಳ್ಮೆ, ಬಂಡವಾಳ; ಸಿಗುವ ಮೇಲುಗೈ ಸುಮಾರು ಶೇ. 1. ಮನಸ್ಸಿನಲ್ಲೇ ಎಣಿಸುವುದು ಅಮೆರಿಕದಲ್ಲಿ ಅಪರಾಧವಲ್ಲ; ಆದರೂ ನೆವಾಡಾದ ಕ್ಯಾಸಿನೊಗಳು ಅಂಥವರನ್ನು ಹೊರಗಿಡಬಹುದು.

ಪ್ರಾದೇಶಿಕ ಹಿನ್ನೆಲೆ: ಜೂಜು ಅಡ್ಡೆಗಳು ಕರ್ನಾಟಕ ಪೊಲೀಸ್ ಕಾಯ್ದೆ, 1963ರಡಿ ನಿಷಿದ್ಧ. ರಾಜ್ಯದ ಗಡಿಯಾಚೆ, ಗೋವಾದ ಪಣಜಿಯಲ್ಲಿ, ಮಾಂಡೋವಿ ನದಿಯ ಹಡಗುಗಳಲ್ಲಿ ಪರವಾನಗಿ ಪಡೆದ ಕ್ಯಾಸಿನೊಗಳಿವೆ. ಕರ್ನಾಟಕದಲ್ಲಿ ಚಿರಪರಿಚಿತವಾದ ಅಂದರ್-ಬಾಹರ್‌ನಲ್ಲಿ ಪ್ರತಿ ಆಟಕ್ಕೂ ಕಟ್ಟನ್ನು ಕಲೆಸುವುದರಿಂದ ಎಣಿಕೆಗೆ ಎಡೆಯಿಲ್ಲ.